ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

1975ರ ಏಪ್ರಿಲ್ 8ರ ರಾತ್ರಿ. ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ಆಸ್ಕರ್ ಪಾರಿತೋಷಕಗಳನ್ನು ಹಂಚುವ ವಾರ್ಷಿಕ ಸಮಾರಂಭ ನಡೆದಿತ್ತು. ತಾರೆಯರ ಬೆಡಗು, ಹಾಸ್ಯ, ಕರತಾಡನಗಳ ನಡುವೆ ಆ ವರ್ಷದ ಅತ್ಯುತ್ತಮ ಸಾಕ್ಷ್ಯಚಿತ್ರದ ಹೆಸರು ಘೋಷಿತವಾಯಿತು: 'ಹಾರ್ಟ್ಸ್ ಅಂಡ್ ಮೈಂಡ್ಸ್'. ವಿಯೆಟ್ನಾಂ ಯುದ್ಧವನ್ನು ಕುರಿತು ಪೀಟರ್ ಡೇವಿಸ್ ಅವರು ನಿರ್ದೇಶಿಸಿದ ಚಿತ್ರ ಅದು. ನಿರ್ಮಾಪಕ ಬರ್ಟ್ ಶ್ನೈಡರ್ ಅವರು ವೇದಿಕೆಯನ್ನೇರಿ ಪಾರಿತೋಷಕವನ್ನು ಸ್ವೀಕರಿಸಿದರು. ಅನಂತರ ಒಂದು ತಂತಿಯನ್ನು ಓದಿದರು. ಅದನ್ನು ಕಳುಹಿಸಿದ್ದವರು ಪ್ಯಾರಿಸ್ಸಿನ ಶಾಂತಿ ಸಂಧಾನದಲ್ಲಿದ್ದ ವಿಯೆಟ್ನಾಮೀ ಕ್ರಾಂತಿಕಾರಿ ಪಕ್ಷದ ಪ್ರತಿನಿಧಿ ದಿನ್ ಬಾ ಥಿ. ಶಾಂತಿಗಾಗಿ ದುಡಿದ ಅಮೆರಿಕೆಯ ಮಿತ್ರರಿಗೆ ಕೃತಜ್ಞತೆ, ಅಮೆರಿಕೆಯ ಜನತೆಗೆ ಸ್ನೇಹದ ವಂದನೆ ಎಂಬುದಷ್ಟೇ ಅದರ ಸಾರಾಂಶ.

ಶತ್ರುವೆಂದು ಎಣಿಸಲ್ಪಟ್ಟಿದ್ದವರ ಸಂದೇಶ ಕೋಟ್ಯಂತರ ಮನೆಗಳ ದೂರದರ್ಶನದಲ್ಲಿ ಕೇಳಿಬಂದದ್ದೇ ತಡ, ತೆರೆಯ ಹಿಂದೆ ಕೋಲಾಹಲವೆದ್ದಿತು. ಸಮಾರಂಭದ ನಿರೂಪಕರಲ್ಲಿ ಒಬ್ಬರಾಗಿದ್ದ ಹಾಸ್ಯನಟ ಬಾಬ್ ಹೋಪ್ ಅವರು ಕೆರಳಿ ಒಂದು ಪ್ರಕಟಣೆಯನ್ನು ಬರೆದರು. ಗಾಯಕ ಫ್ರಾಂಕ್ ಸಿನಾಟ್ರಾ ಅವರು ಅದನ್ನು ವೇದಿಕೆಯ ಮೇಲೆ ಓದಿದರು. ಕಾರ್ಯಕ್ರಮದಲ್ಲಿ ಬಂದ ರಾಜಕೀಯ ಮಾತುಗಳಿಗೆ ಅಕಾಡೆಮಿ ಹೊಣೆಯಲ್ಲ, ಅಂಥ ಮಾತುಗಳು ಬಂದುದಕ್ಕಾಗಿ ವಿಷಾದವಿದೆ ಎಂಬುದು ಅದರ ಅರ್ಥ. ಸಭಿಕರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಧಿಕ್ಕಾರದ ಧ್ವನಿ ಮಾಡಿದರು. ಇನ್ನೊಬ್ಬ ನಿರೂಪಕಿ ಶರ್ಲಿ ಮೆಕ್ಲೇನ್ ಅವರು, ಅಕಾಡೆಮಿಯ ಸದಸ್ಯೆಯಾದ ತನ್ನನ್ನು ಕೇಳದೆ ಅಕಾಡೆಮಿಯ ಹೆಸರಿನಲ್ಲಿ ಮಾತನಾಡಿದ್ದೇಕೆ ಎಂದು ಸಿನಾಟ್ರಾರನ್ನು ತರಾಟೆಗೆ ತೆಗೆದುಕೊಂಡರು. ಹೀಗೆ, ಒಂದು ಚಿತ್ರವನ್ನು ಮನ್ನಿಸಿದ ವೇದಿಕೆಯೇ ಅದೇ ರಾತ್ರಿ ಆ ಮನ್ನಣೆಯ ಮಾತಿಗೆ ವಿಷಾದವನ್ನೂ ಸೂಚಿಸಿತು.

ಆ ಚಿತ್ರದಲ್ಲಿ ಇದ್ದುದಾದರೂ ಏನು? ಅದು ಸತ್ಯವನ್ನು ಹೇಳಿತೆ, ಸತ್ಯದ ತುಣುಕುಗಳನ್ನು ಜೋಡಿಸಿ ಬೇರೊಂದನ್ನು ಹೇಳಿತೆ? ಹೇಳಿದ್ದರಿಂದ ಯುದ್ಧಕ್ಕೆ ಏನಾದರೂ ಆಯಿತೆ? ಅರ್ಧ ಶತಮಾನ ಕಳೆದರೂ ಈ ಪ್ರಶ್ನೆಗಳು ಹಳತಾಗಿಲ್ಲ. ಯುದ್ಧದ ದೃಶ್ಯಗಳು ಅಂಗೈಯೊಳಗಿನ ದೂರವಾಣಿಯಲ್ಲಿ ಪ್ರತಿದಿನವೂ ಮನೆಯೊಳಕ್ಕೆ ಬರುವ ಈ ಕಾಲದಲ್ಲಿ ಅವು ಪ್ರತಿಯೊಂದು ಕುಟುಂಬದ ಪ್ರಶ್ನೆಗಳೂ ಆಗಿವೆ.

ಚಿತ್ರದ ಹೆಸರಿಗೆ 'ಹೃದಯಗಳು ಮತ್ತು ಮನಸ್ಸುಗಳು' ಎಂದು ಅರ್ಥ. ಅಂತಿಮ ವಿಜಯವು ವಿಯೆಟ್ನಾಮಿನಲ್ಲಿ ಬಾಳುತ್ತಿರುವ ಜನರ ಹೃದಯ ಮನಸ್ಸುಗಳನ್ನು ಅವಲಂಬಿಸಿದೆ ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಆಡಿದ್ದ ಮಾತಿನಿಂದ ಅದನ್ನು ಆರಿಸಿಕೊಳ್ಳಲಾಯಿತು. 112 ನಿಮಿಷಗಳ ಈ ಚಿತ್ರದಲ್ಲಿ ಎಲ್ಲವನ್ನೂ ವಿವರಿಸಿ ಹೇಳುವ ನಿರೂಪಕನ ಕಂಠವಿಲ್ಲ. ಸೇನಾಪತಿಗಳು, ಮಂತ್ರಾಲೋಚಕರು, ಕೈಕಾಲು ಕಳೆದುಕೊಂಡ ಯೋಧರು, ಬಾಂಬು ಹಾಕಿಬಂದ ವೈಮಾನಿಕರು, ಬಾಂಬಿಗೆ ಸಿಕ್ಕ ರೈತರು ತಮ್ಮ ತಮ್ಮ ಬಾಯಿಂದಲೇ ಮಾತನಾಡುತ್ತಾರೆ. ಮಗಳನ್ನು ಕಳೆದುಕೊಂಡ ಒಬ್ಬ ತಂದೆ ಮಗುವಿನ ಅಂಗಿಯನ್ನು ಹಿಡಿದು, ಇದನ್ನು ಕೊಂಡೊಯ್ದು ನಿಮ್ಮ ಅಧ್ಯಕ್ಷನ ಮುಖಕ್ಕೆ ಎಸೆಯಿರಿ, ಅವಳು ಬರಿಯ ಶಾಲೆಯ ಹುಡುಗಿಯಾಗಿದ್ದಳೆಂದು ಹೇಳಿರಿ ಎನ್ನುತ್ತಾನೆ. ನಾಪಾಮ್ ಬೆಂಕಿಯಿಂದ ಬೆಂದ ಮಕ್ಕಳು ರಸ್ತೆಯಲ್ಲಿ ಓಡಿಬರುತ್ತಾರೆ. ಬಾಂಬು ಹಾಕಿದ ವೈಮಾನಿಕ ರ‍್ಯಾಂಡಿ ಫ್ಲಾಯ್ಡ್, ತನ್ನ ಮಕ್ಕಳ ಮೇಲೆಯೇ ಅಂಥ ಬೆಂಕಿ ಬಿದ್ದಿದ್ದರೆ ಎಂದು ನೆನೆದು ಕಣ್ಣೀರು ತಡೆಯಲಾರದೆ ಹೋಗುತ್ತಾನೆ.

ಇವುಗಳಲ್ಲಿ ಯಾವುದೂ ನಟನೆಯಲ್ಲ. ಯಾರ ಬಾಯಿಗೂ ಬೇರೆಯವರ ಮಾತನ್ನು ತುರುಕಿರಲಿಲ್ಲ. ಹೀಗಿರಲು ವಿವಾದ ಎಲ್ಲಿ ಹುಟ್ಟಿತು? ಎರಡು ತುಣುಕುಗಳು ಕೂಡುವ ಸಂದಿಯಲ್ಲಿ ಹುಟ್ಟಿತು.

ಅದರ ಅತಿ ಪ್ರಸಿದ್ಧ ಉದಾಹರಣೆ ಹೀಗಿದೆ. ದಕ್ಷಿಣ ವಿಯೆಟ್ನಾಮಿನ ಒಬ್ಬ ಸೈನಿಕನ ಅಂತ್ಯಕ್ರಿಯೆ ನಡೆಯುತ್ತಿದೆ. ಹುಡುಗನೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಶವಪೆಟ್ಟಿಗೆಯ ಹಿಂದೆಯೇ ಗುಂಡಿಯೊಳಕ್ಕೆ ಇಳಿಯಲು ಹೊರಟ ಒಬ್ಬ ಸ್ತ್ರೀಯನ್ನು ಬಂಧುಗಳು ಹಿಡಿದು ನಿಲ್ಲಿಸುತ್ತಾರೆ. ಆ ಗೋಳು ಕಿವಿಯಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ತೆರೆಯ ಮೇಲೆ ಜನರಲ್ ವಿಲಿಯಂ ವೆಸ್ಟ್‌ಮೋರ್ಲೆಂಡ್ ಅವರು ಕಾಣಿಸಿಕೊಳ್ಳುತ್ತಾರೆ. 1964ರಿಂದ 1968ರವರೆಗೆ ವಿಯೆಟ್ನಾಮಿನಲ್ಲಿದ್ದ ಅಮೆರಿಕೆಯ ಸೇನೆಗೆ ಮುಖ್ಯಸ್ಥರಾಗಿದ್ದವರು ಅವರು. ಪಾಶ್ಚಾತ್ಯರು ಜೀವಕ್ಕೆ ಕೊಡುವಷ್ಟು ಬೆಲೆಯನ್ನು ಪೂರ್ವದೇಶದವರು ಕೊಡುವುದಿಲ್ಲ, ಅಲ್ಲಿ ಜೀವ ಧಾರಾಳ, ಜೀವ ಅಗ್ಗ ಎಂದು ಅವರು ಶಾಂತವಾಗಿ ಹೇಳುತ್ತಾರೆ.

ನೋಡುವವರ ಎದೆ ಝಲ್ಲೆನ್ನುತ್ತದೆ. ಆದರೆ ಆಕ್ಷೇಪಿಸುವವರ ವಾದವೂ ಕೇಳತಕ್ಕದ್ದೇ. ಜನರಲ್ ಅವರು ಆ ಅಂತ್ಯಕ್ರಿಯೆಯನ್ನು ನೋಡಿ ಆಡಿದ ಮಾತಲ್ಲ ಅದು. ಮಾತು ಒಂದು ಸ್ಥಳದ್ದು, ದುಃಖ ಇನ್ನೊಂದು ಸ್ಥಳದ್ದು. ಎರಡನ್ನೂ ಕೂಡಿಸಿದ್ದು ಸಂಕಲನದ ಕತ್ತರಿ. ಅಲ್ಲದೆ ಸತ್ತವನು ಅಮೆರಿಕೆಯ ಬಾಂಬಿಗೆ ಬಲಿಯಾದ ಗ್ರಾಮಸ್ಥನಲ್ಲ. ಅಮೆರಿಕೆಯ ಪಕ್ಷದಲ್ಲಿಯೇ ಹೋರಾಡಿದ ಸೈನಿಕ. ಇದು ಒಬ್ಬ ಮನುಷ್ಯನನ್ನು ಕ್ರೂರಿಯನ್ನಾಗಿ ಚಿತ್ರಿಸುವ ಹೂಟವಲ್ಲವೆ ಎಂದು ಅವರು ಕೇಳಿದರು.

ಚಿತ್ರದ ಪಕ್ಷದವರ ಉತ್ತರವೂ ಬಲವಾಗಿದೆ. ಆ ಮಾತು ಬಾಯಿತಪ್ಪಿ ಬಂದುದಲ್ಲ. ಮೊದಲ ಸಲ ಹೇಳಿದಾಗ, ಅಭಿಪ್ರಾಯವನ್ನು ಸರಿಯಾಗಿ ವ್ಯಕ್ತಪಡಿಸಲಿಲ್ಲವೆಂದು ಜನರಲ್ ಅವರೇ ಸೂಚಿಸಿದರು. ಎರಡನೆಯ ಸಲ ಕ್ಯಾಮರಾದಲ್ಲಿ ಫಿಲ್ಮು ಮುಗಿಯಿತು. ಮೂರನೆಯ ಸಲ ಆಡಿದ ಮಾತನ್ನೇ ಚಿತ್ರದಲ್ಲಿ ಬಳಸಲಾಯಿತು. ತಿದ್ದಿಕೊಳ್ಳಲು ಅವಕಾಶವಿದ್ದರೂ ಉಳಿದುಕೊಂಡ ಮಾತು ಮನಸ್ಸಿನೊಳಗಿನ ಮಾತೇ ಸರಿ ಎಂಬುದು ಅವರ ವಾದ.

ಈ ಎರಡು ವಾದಗಳನ್ನು ತೂಗುವುದು ಹೇಗೆ? ಮದುವೆಯ ಮನೆಯ ಛಾಯಾಚಿತ್ರಗಳ ಆಲ್ಬಮ್ಮನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಮಗಳನ್ನು ಕಳುಹಿಸಿಕೊಡುವಾಗ ತಂದೆ ಕಣ್ಣೊರೆಸಿಕೊಳ್ಳುವುದು ಸಹಜ. ಊಟದ ಪಂಕ್ತಿಯಲ್ಲಿ ಬೀಗರು ನಗುವುದೂ ಸಹಜ. ಎರಡೂ ಪಟಗಳು ಸತ್ಯವೇ. ಆದರೆ ಯಾರಾದರೊಬ್ಬರು ಆ ಎರಡನ್ನೇ ಆರಿಸಿ ಒಂದೇ ಪುಟದಲ್ಲಿ ಅಕ್ಕಪಕ್ಕ ಅಂಟಿಸಿದರೆ, ಆಲ್ಬಮ್ಮನ್ನು ನೋಡಿದ ನೆಂಟರು ಏನೆಂದು ತಿಳಿದಾರು? ಕಣ್ಣೀರಿಟ್ಟ ಮಾವನನ್ನು ಕಂಡು ಬೀಗರು ನಕ್ಕರೆಂದೇ ತಿಳಿದಾರು. ಒಂದೂ ಸುಳ್ಳಾಡದೆ ಒಂದು ಸುಳ್ಳನ್ನು ಹುಟ್ಟಿಸಿದಂತಾಯಿತು. ಅದೇ ಬೀಗರು, ಈ ಮನೆಯವರಿಗೆ ಮಗಳ ಮೇಲೆ ಮಮತೆಯೇ ಇಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರೆ? ಆಗ ತಂದೆಯ ಕಣ್ಣೀರಿನ ಪಟವನ್ನು ಅವರ ಮುಂದೆ ಹಿಡಿಯುವುದು ಅನ್ಯಾಯವಲ್ಲ; ಅದು ತಕ್ಕ ಉತ್ತರ.

ವೆಸ್ಟ್‌ಮೋರ್ಲೆಂಡ್ ಅವರ ಪ್ರಸಂಗ ಈ ಎರಡನೆಯ ಬಗೆಗೆ ಸೇರುತ್ತದೆ. ಅವರು ಆಡಿದ್ದು ಒಬ್ಬಿಬ್ಬರನ್ನು ಕುರಿತ ಮಾತಲ್ಲ. ಪೂರ್ವದೇಶದವರೆಲ್ಲರನ್ನೂ ಕುರಿತ ಸಾಮಾನ್ಯ ಸಿದ್ಧಾಂತ. ಎಲ್ಲರೂ ಹೀಗೆಯೇ ಎಂಬ ಮಾತನ್ನು ಮುರಿಯಲು ಹಾಗಲ್ಲದ ಒಂದು ನಿದರ್ಶನ ಸಾಕು. ಗುಂಡಿಯೊಳಕ್ಕೆ ಇಳಿಯಹೊರಟ ಆ ಸ್ತ್ರೀಯೇ ಆ ನಿದರ್ಶನ. ಸತ್ತವನು ಯಾವ ಪಕ್ಷದ ಸೈನಿಕನೆಂಬುದರಿಂದ ಆಕೆಯ ಅಳಲು ಹೆಚ್ಚೂ ಆಗುವುದಿಲ್ಲ, ಕಡಮೆಯೂ ಆಗುವುದಿಲ್ಲ. ಆದ್ದರಿಂದ ಆ ಜೋಡಣೆ ಕಟುವಾದರೂ ಮೋಸವಲ್ಲ. ನೋಡುವವರ ಕಣ್ಣೆದುರಿಗೇ ನಡೆದ ಖಂಡನೆ.

ಆದರೆ ಚಿತ್ರದ ಎಲ್ಲ ಜೋಡಣೆಗಳನ್ನೂ ಹೀಗೆ ಸಮರ್ಥಿಸಲಾಗದು. ಓಹಾಯೊ ಪ್ರಾಂತದ ಹೈಸ್ಕೂಲು ಹುಡುಗರ ಫುಟ್‌ಬಾಲ್ ಪಂದ್ಯವೊಂದು ಅದರಲ್ಲಿ ಬರುತ್ತದೆ. ಗೆಲ್ಲಲೇಬೇಕೆಂದು ಅವರನ್ನು ಹುರಿದುಂಬಿಸುವ ಗದ್ದಲ ಬರುತ್ತದೆ. ಅದರ ಪಕ್ಕದಲ್ಲಿಯೇ ಯುದ್ಧ ಬರುತ್ತದೆ. ಆಟದ ಮೈದಾನದಲ್ಲಿ ಕಲಿತ ಗೆಲ್ಲುವ ಹುಚ್ಚೇ ವಿಯೆಟ್ನಾಮಿಗೂ ಕಾರಣವೆಂಬ ಸೂಚನೆ ಅಲ್ಲಿದೆ. ಇರಬಹುದು, ಇಲ್ಲದಿರಲೂಬಹುದು. ಅದನ್ನು ಸ್ಥಾಪಿಸುವ ಸಾಕ್ಷ್ಯವನ್ನು ಚಿತ್ರ ಕೊಡುವುದಿಲ್ಲ. ಅಲ್ಲಗಳೆಯುವ ಅವಕಾಶವನ್ನೂ ಕೊಡುವುದಿಲ್ಲ. ಪ್ರೇಕ್ಷಕನ ಕಿವಿಯಲ್ಲಿ ಪಿಸುಗುಟ್ಟಿ ಮುಂದಕ್ಕೆ ಸಾಗುತ್ತದೆ. ಇದು ಮದುವೆಯ ಆಲ್ಬಮ್ಮಿನ ಮೊದಲ ಬಗೆ.

ಇನ್ನು, ಬಿಟ್ಟುಬಿಟ್ಟದ್ದರಿಂದ ಆಗುವ ದೋಷವೂ ಒಂದುಂಟು. ನೌಕಾದಳದ ವೈಮಾನಿಕ ಜಾರ್ಜ್ ಕೋಕರ್ ಅವರು ಸೆರೆಯಿಂದ ಬಿಡುಗಡೆ ಹೊಂದಿ ಊರಿಗೆ ಮರಳಿ, ಶಾಲೆಯ ಮಕ್ಕಳೆದುರು ಮಾತನಾಡುವ ದೃಶ್ಯ ಚಿತ್ರದಲ್ಲಿದೆ. ವಿಯೆಟ್ನಾಂ ಸುಂದರವಾದ ದೇಶ, ಅಲ್ಲಿನ ಜನರಿಂದ ಮಾತ್ರ ಎಲ್ಲ ಕೆಟ್ಟಿದೆ ಎಂಬರ್ಥದ ಮಾತನ್ನು ಅವರು ಆಡುತ್ತಾರೆ. ಕೇಳಿದವರಿಗೆ ಅಸಹ್ಯವಾಗುತ್ತದೆ. ಆದರೆ ಆ ಮನುಷ್ಯ 1966ರಿಂದ 1973ರವರೆಗೆ, ಆರೂವರೆ ವರ್ಷ ಉತ್ತರ ವಿಯೆಟ್ನಾಮಿನ ಸೆರೆಯಲ್ಲಿದ್ದವರು. 1967ರಲ್ಲಿ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದವರು. ಆ ಯಾತನೆಯ ಕಥೆಗೆ ಚಿತ್ರದಲ್ಲಿ ತಕ್ಕಷ್ಟು ಸ್ಥಳ ದೊರೆಯಲಿಲ್ಲ. ಹಾಗೆಯೇ, 1968ರಲ್ಲಿ ಹ್ಯುಯೆ ನಗರವು ಕಮ್ಯೂನಿಸ್ಟ್ ಪಡೆಗಳ ಕೈಯಲ್ಲಿದ್ದಾಗ ನಡೆದ ನಾಗರಿಕರ ಹತ್ಯೆಯಂಥ ಘಟನೆಗಳ ಕಡೆಗೆ ಚಿತ್ರದ ದೃಷ್ಟಿ ಹೊರಳುವುದಿಲ್ಲ. ಒಂದು ಪಕ್ಷದ ತಪ್ಪನ್ನು ಮಾತ್ರ ತೋರಿಸುವ ಚಿತ್ರಕ್ಕೆ ಪ್ರಚಾರಚಿತ್ರವೆಂಬ ಹೆಸರು ಬಂದರೆ ಅದನ್ನು ಬರಿಯ ದ್ವೇಷದ ಮಾತೆಂದು ತಳ್ಳಿಹಾಕಲಾಗದು.

ಚಿತ್ರದ ವಿರೋಧಿಗಳು ವಾದ ಮಾಡಿ ಸುಮ್ಮನಾಗಲಿಲ್ಲ. 1974ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾದ ಬಳಿಕ, ಅಮೆರಿಕೆಯಲ್ಲಿ ಅದನ್ನು ಹಂಚಲು ಕೊಲಂಬಿಯಾ ಪಿಕ್ಚರ್ಸ್ ಸಂಸ್ಥೆ ನಿರಾಕರಿಸಿತು. ಅಧ್ಯಕ್ಷ ಜಾನ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ವಾಲ್ಟ್ ರೋಸ್ಟೋ ಅವರು, ಚಿತ್ರದಲ್ಲಿ ಬಂದ ತಮ್ಮ ಮಾತುಗಳು ತಪ್ಪು ಭಾವನೆಯನ್ನುಂಟುಮಾಡುತ್ತವೆ, ತಮ್ಮ ಒಪ್ಪಿಗೆಯನ್ನು ಕೇಳಲಿಲ್ಲ ಎಂದು ನ್ಯಾಯಾಲಯಕ್ಕೆ ಹೋಗಿ ತಾತ್ಕಾಲಿಕ ತಡೆಯಾಜ್ಞೆಯನ್ನು ತಂದರು. ನಿರ್ಮಾಪಕರು ಹಕ್ಕುಗಳನ್ನು ಮರಳಿ ಕೊಂಡುಕೊಳ್ಳಬೇಕಾಯಿತು. ಆಸ್ಕರ್ ಸ್ಪರ್ಧೆಗೆ ಅರ್ಹತೆ ದೊರೆಯಲೆಂದು ಲಾಸ್ ಏಂಜಲಿಸ್ಸಿನಲ್ಲಿ ಒಂದು ವಾರ ತೋರಿಸಿದ್ದಾಯಿತು. ವ್ಯಾಪಕವಾದ ಬಿಡುಗಡೆ ಆದದ್ದು 1975ರಲ್ಲಿ.

ಇಲ್ಲಿ ಒಂದು ವಿಚಾರವನ್ನು ಮರೆಯುವಂತಿಲ್ಲ. ಚಿತ್ರ ತಯಾರಕನ ಕತ್ತರಿಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ ರಾಷ್ಟ್ರ, ಯುದ್ಧಕ್ಕೆ ಕಾರಣವಾದ ವರದಿಯನ್ನು ಪರೀಕ್ಷಿಸಿತ್ತೆ? 1964ರ ಆಗಸ್ಟ್ 4ರಂದು ಟೋಂಕಿನ್ ಕೊಲ್ಲಿಯಲ್ಲಿ ಅಮೆರಿಕೆಯ ಹಡಗುಗಳ ಮೇಲೆ ಎರಡನೆಯ ದಾಳಿ ನಡೆಯಿತೆಂದು ಸರ್ಕಾರ ಹೇಳಿತು. ಮೂರೇ ದಿನಗಳಲ್ಲಿ, ಕೆಳಮನೆಯಲ್ಲಿ ಒಂದೂ ವಿರುದ್ಧ ಮತವಿಲ್ಲದೆ, ಸೆನೆಟ್ಟಿನಲ್ಲಿ ಎರಡೇ ವಿರುದ್ಧ ಮತಗಳೊಂದಿಗೆ, ಅಧ್ಯಕ್ಷರ ಕೈಗೆ ಯುದ್ಧದ ಅಧಿಕಾರ ದೊರೆಯಿತು. ಅಂಥ ದಾಳಿ ನಡೆದೇ ಇರಲಿಲ್ಲವೆಂದು ಕಾಲಕ್ರಮದಲ್ಲಿ ಗೊತ್ತಾಯಿತು. ಆ ತಪ್ಪು ವರದಿಯ ಬೆನ್ನಿಗೆ ಬಂದ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಮಂದಿ ಅಮೆರಿಕನರು ಮಡಿದರು. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಂತೆ, ಮಡಿದ ವಿಯೆಟ್ನಾಮೀ ನಾಗರಿಕರೇ 20 ಲಕ್ಷ. ಆ ಭೂಭಾಗದ ಮೇಲೆ ಬಿದ್ದ ಬಾಂಬುಗಳ ತೂಕ 70 ಲಕ್ಷ ಟನ್ನಿಗೂ ಮಿಗಿಲು. ಚಿತ್ರದ ಸಂದಿಗಳು ತೆರೆಯ ಮೇಲೆಯೇ ಇದ್ದವು. ಕಣ್ಣಿದ್ದವರು ಅವನ್ನು ಗುರುತಿಸಿ ಜಗಳವಾಡಬಹುದಾಗಿತ್ತು. ಸರ್ಕಾರದ ವರದಿಯ ಸಂದಿಗಳು ಕಪಾಟಿನೊಳಗೆ ಬೀಗ ಹಾಕಿಕೊಂಡಿದ್ದವು.

ಹಾಗೆಂದ ಮಾತ್ರಕ್ಕೆ ಆಳುವವರ ದೊಡ್ಡ ಸುಳ್ಳು ಚಿತ್ರ ತಯಾರಕನ ಸಣ್ಣ ಓರೆಯನ್ನು ನೇರಮಾಡುವುದಿಲ್ಲ. ಎರಡಕ್ಕೂ ಅಳತೆಗೋಲು ಒಂದೇ ಇರಬೇಕೆಂಬುದಷ್ಟೇ ನ್ಯಾಯ.

ಇನ್ನು ಪರಿಣಾಮದ ಮಾತು. ಯುದ್ಧವನ್ನು ನಿಲ್ಲಿಸಿದ ಚಿತ್ರವೆಂದು ಇದನ್ನು ಹೊಗಳುವುದಕ್ಕೆ ದಿನಾಂಕಗಳು ಒಪ್ಪುವುದಿಲ್ಲ. ಪ್ಯಾರಿಸ್ಸಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ರಂದು. ಅಮೆರಿಕೆಯ ಕಡೆಯ ಯುದ್ಧಪಡೆಗಳು ಹಿಂದಿರುಗಿದ್ದು ಅದೇ ಮಾರ್ಚಿಯಲ್ಲಿ. ಆಸ್ಕರ್ ದೊರೆತ 22 ದಿನಗಳಿಗೆ, 1975ರ ಏಪ್ರಿಲ್ 30ರಂದು, ಸೈಗಾನ್ ನಗರವೇ ಬಿದ್ದುಹೋಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಈ ಚಿತ್ರ ಬಂದಾಗ ಆಗಬೇಕಾದ ಅನರ್ಥವೆಲ್ಲ ಆಗಿಹೋಗಿತ್ತು.

ಯುದ್ಧ ನಡೆಯುತ್ತಿರುವಾಗಲೇ ಬಂದ ಚಿತ್ರವಾದರೂ ಅದನ್ನು ತಡೆದೀತೆ? ಮೂವತ್ತು ವರ್ಷಗಳ ಬಳಿಕ ಅದರ ಪರೀಕ್ಷೆಯೂ ನಡೆಯಿತು. ಇರಾಕ್ ಯುದ್ಧವನ್ನು ಖಂಡಿಸಿ ಮೈಕೇಲ್ ಮೂರ್ ಅವರು ತಯಾರಿಸಿದ 'ಫ್ಯಾರನ್‌ಹೀಟ್ 9/11' 2004ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪಾರಿತೋಷಕವನ್ನು ಪಡೆಯಿತು. ಇದರ ಹಂಚಿಕೆಗೂ ಮೊದಲು ಅಡ್ಡಿ ಬಂದಿತು. ಡಿಸ್ನಿ ಸಂಸ್ಥೆ ತನ್ನ ಅಂಗಸಂಸ್ಥೆಯಾದ ಮಿರಾಮ್ಯಾಕ್ಸ್‌ಗೆ ಅನುಮತಿ ಕೊಡಲಿಲ್ಲ. ಆದರೂ ಬಿಡುಗಡೆಯಾದ ಮೇಲೆ ಅಮೆರಿಕೆಯಲ್ಲಿಯೇ ಸುಮಾರು 12 ಕೋಟಿ ಡಾಲರುಗಳನ್ನು ಗಳಿಸಿತು. ಜನ ಸಾಲುಗಟ್ಟಿ ನಿಂತು ನೋಡಿದರು. ಅದೇ ನವೆಂಬರಿನಲ್ಲಿ ಚುನಾವಣೆ ನಡೆದು, ಚಿತ್ರದ ಗುರಿಯಾಗಿದ್ದ ಅಧ್ಯಕ್ಷ ಜಾರ್ಜ್ ಬುಷ್ ಅವರೇ ಮತ್ತೆ ಆರಿಸಿ ಬಂದರು.

ಆ ಚಿತ್ರದ ವಿವಾದಗಳೂ ಹಳೆಯವೇ. ದಾಳಿಯ ಸುದ್ದಿ ಕಿವಿಗೆ ಬಿದ್ದ ಮೇಲೂ ಫ್ಲಾರಿಡಾದ ಶಾಲೆಯೊಂದರಲ್ಲಿ ಮಕ್ಕಳ ನಡುವೆ ಬುಷ್ ಅವರು ಕೆಲವು ನಿಮಿಷ ಕುಳಿತೇ ಇದ್ದುದು ವಾಸ್ತವ ದೃಶ್ಯ. ಆಗ ಅವರ ಮನಸ್ಸಿನಲ್ಲಿ ಏನು ಹಾಯುತ್ತಿದ್ದೀತು ಎಂದು ಮೂರ್ ಅವರ ಕಂಠ ನುಡಿಯುವುದು ಊಹೆ. ಯುದ್ಧಕ್ಕೆ ಮುಂಚಿನ ಬಾಗ್ದಾದಿನಲ್ಲಿ ಗಾಳಿಪಟ ಹಾರಿಸುವ ಹುಡುಗನ ದೃಶ್ಯ ನಿಜ. ಆ ದೇಶದಲ್ಲಿ ಆಗ ಸದ್ದಾಂ ಹುಸೇನರ ಸೆರೆಮನೆಗಳೂ ಇದ್ದವೆಂಬುದು ಅಷ್ಟೇ ನಿಜ. ಖಂಡಿಸುವುದು, ಪಿಸುಗುಟ್ಟುವುದು, ಬಿಟ್ಟುಬಿಡುವುದು ಈ ಮೂರೂ ಅಲ್ಲಿಯೂ ಇವೆ.

ಹಾಗಾದರೆ ಇಂಥ ಚಿತ್ರಗಳಿಂದ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಚುನಾವಣೆಯ ಫಲಿತಾಂಶದಲ್ಲಿ ಕಾಣುವಂಥದಲ್ಲ. ಯುದ್ಧ ಮುಗಿದ ಕೂಡಲೇ ರಾಷ್ಟ್ರಗಳು ಮರೆಯಲು ಆತುರಪಡುತ್ತವೆ. ವಿಯೆಟ್ನಾಮಿನ ಪಾಠವನ್ನು ಕಲಿಯದಿರಲು ಅಮೆರಿಕನರು ಬಹಳವಾಗಿ ಶ್ರಮಿಸಿದ್ದಾರೆಂದು ರ‍್ಯಾಂಡಿ ಫ್ಲಾಯ್ಡ್ ಚಿತ್ರದ ಕಡೆಯ ಭಾಗದಲ್ಲಿ ಹೇಳುತ್ತಾನೆ. 'ಹಾರ್ಟ್ಸ್ ಅಂಡ್ ಮೈಂಡ್ಸ್' ಆ ಮರೆವಿಗೆ ಅಡ್ಡವಾಗಿ ನಿಂತಿತು. ಒಂದು ಕಾಲಕ್ಕೆ ಹಂಚುವವರೇ ಇಲ್ಲದಿದ್ದ ಆ ಚಿತ್ರವನ್ನು 2018ರಲ್ಲಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ಶಾಶ್ವತವಾಗಿ ಕಾಪಾಡತಕ್ಕ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು. ಕೊಲಂಬಿಯಾ ಬೇಡವೆಂದು ಕೈಬಿಟ್ಟದ್ದು ರಾಷ್ಟ್ರದ ಭಂಡಾರವನ್ನು ಸೇರಿತು.

ಭಾರತಕ್ಕೂ ಈ ಕಥೆ ತೀರ ಪರಕೀಯವಲ್ಲ. 1954ರ ಜಿನೀವಾ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ವಿಯೆಟ್ನಾಮಿನಲ್ಲಿ ನೇಮಕವಾದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. ಕೆನಡಾ ಮತ್ತು ಪೋಲೆಂಡ್ ಸದಸ್ಯರಾಗಿದ್ದವು. ಅದಕ್ಕಿಂತ ಹತ್ತಿರದ ಸಂಬಂಧ ಜನರಲ್ ಅವರ ಮಾತಿನಲ್ಲಿಯೇ ಇದೆ. ಜೀವಕ್ಕೆ ಬೆಲೆ ಕೊಡದ 'ಪೂರ್ವದೇಶದವರು' ಎಂಬ ಆ ಪದದೊಳಗೆ ಸೈಗಾನಿನ ಮನೆಯಂತೆಯೇ ಮೈಸೂರಿನ ಮನೆಯೂ ಧಾರವಾಡದ ಮನೆಯೂ ಸೇರಿಹೋಗುತ್ತವೆ. ಗಂಡನನ್ನೋ ಮಗನನ್ನೋ ಕಳೆದುಕೊಂಡು ಗೋಳಿಟ್ಟ ಮನೆ ಯಾವ ಬೀದಿಯಲ್ಲಿಲ್ಲ?

ಆದ ಕಾರಣವೇ ಈ ಚಿತ್ರವನ್ನು ನೋಡುವಾಗ ಕನ್ನಡದ ಪ್ರೇಕ್ಷಕನ ರಕ್ತ ಕುದಿಯುವುದು ಸ್ವಾಭಾವಿಕ. ಕುದಿಯುವಾಗಲೇ ಎಚ್ಚರವೂ ಬೇಕು. ತನಗೆ ಒಪ್ಪದ ಚಿತ್ರದಲ್ಲಿ ತಪ್ಪು ಹುಡುಕುವುದಕ್ಕೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. ತನ್ನ ಮನಸ್ಸಿಗೆ ಹಿಡಿಸಿದ, ತನ್ನ ಕೋಪವನ್ನೇ ತನಗೆ ತೋರಿಸಿಕೊಟ್ಟ ಚಿತ್ರದ ಮುಂದೆ ಮನುಷ್ಯ ಪ್ರಮಾಣವನ್ನು ಕೇಳಲು ಮರೆಯುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು. ಈ ದೃಶ್ಯ ನಡೆದದ್ದೆಲ್ಲಿ, ಇದರ ಪಕ್ಕದ ದೃಶ್ಯ ನಡೆದದ್ದೆಲ್ಲಿ, ಇವೆರಡನ್ನು ಕೂಡಿಸಿದವರು ಏನನ್ನು ಬಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಮನೆಯ ಮಕ್ಕಳಿಗೆ ಕಲಿಸಿಕೊಟ್ಟರೆ, ಯಾವ ದೇಶದ ಯಾವ ಯುದ್ಧದ ಚಿತ್ರವೂ ಅವರನ್ನು ಸುಲಭವಾಗಿ ವಂಚಿಸಲಾರದು.

ಹೀಗೆ ಪ್ರಮಾಣಿಸಿ ನೋಡಿದರೆ 'ಹಾರ್ಟ್ಸ್ ಅಂಡ್ ಮೈಂಡ್ಸ್'ನಲ್ಲಿ ಕೆಲವು ದೃಶ್ಯಗಳ ಬಲ ಕುಂದುತ್ತದೆ, ಫುಟ್‌ಬಾಲ್ ಪಂದ್ಯದ ಪಿಸುಮಾತು ಜಾರಿಹೋಗುತ್ತದೆ. ಮಗಳ ಅಂಗಿಯನ್ನು ಹಿಡಿದು ನಿಂತ ಆ ತಂದೆಯ ಮಾತು ಮಾತ್ರ ಎಷ್ಟು ಸಲ ಪರೀಕ್ಷಿಸಿದರೂ ನಿಂತಲ್ಲಿಯೇ ನಿಂತಿರುತ್ತದೆ. ಅವನು ಬೇಡಿದ್ದು ಕನಿಕರವನ್ನಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೋಗಿ ಹೇಳಿರಿ ಎಂದು ಬೇಡಿದ.